ಇನ್ನೊಂದು ಜೊತೆ ಕೈ

ಮಕ್ಕಳ ವಾರ್ಡು, ಇಲೊಯ್ಲೊ
9 ನವೆಂಬರ್ 1997, ಭಾನುವಾರ

ನನ್ನ ಮುದ್ದಿನ ಇಲ್ಡಾ,

ಹೇಗಿದ್ದೀಯ ಮಗಳೇ? ಹಾಂಗ್‌ಕಾಂಗಿನಲ್ಲಿ ಈಗ ಚಳಿ ಶುರುವಾಗಿರಬೇಕು. ಹೋದ ವರ್ಷ ಬೆರಳಿನ ಸಂದಿ ಒಡೆದು ರಕ್ತ ಬಂತೆಂದು ಬರೆದಿದ್ದೆ. ಈ ಸಲ ಮುಂಚೆಯೇ ಕೊಬ್ಬರಿ ಎಣ್ಣೆ ಹಚ್ಚಿಕೋ, ಅದೂ ಕೈಯನ್ನು ಚೆನ್ನಾಗಿ ಒರೆಸಿಕೊಂಡ ಮೇಲೆ. ಒದ್ದೆ ಕೈಗೆ ಹಚ್ಚಿದರೆ ಎಣ್ಣೆ ದಂಡ. ನೀನು ಕೆಲಸಕ್ಕಿರುವ ಮನೆಯ ಮುದುಕ ಇನ್ನೂ ಗಂಜಿಯ ಬಟ್ಟಲು ಎಸೆಯುತ್ತಾನೆಯೇ? ಎಸೆದರೆ ಎಸೆಯಲಿ ಬಿಡು, ಮಲಗಿದಲ್ಲೇ ಮಲಗಿದವನಿಗೆ ಎಸೆಯುವುದಕ್ಕೆ ಬೇರೆ ಏನಿದೆ? ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಬೆಳಗಿನ ಹೊತ್ತು ಹೇಳಿದ ಮಾತು ಕೇಳುವುದಿಲ್ಲ. ಮಂಚದ ಕೆಳಗೆ ಹಾಸಿದ ರಟ್ಟಿನ ಮೇಲಿಂದ ಏಳುವಾಗ ಮೊದಲು ಮಗ್ಗುಲಾಗಿ, ಆಮೇಲೆ ಮಂಚದ ಕಾಲು ಹಿಡಿದು, ಹಡಗಿನ ಲಂಗರು ಎತ್ತಿದ ಹಾಗೆ ನನ್ನನ್ನು ನಾನೇ ಎತ್ತಿಕೊಳ್ಳುತ್ತೇನೆ. ನಿನ್ನ ಮಗ ಸೆಲ್ಮೊಗೆ ಅದೇ ತಮಾಷೆ. ಮಂಚದ ಕಂಬಿಯ ಮೇಲಿಂದ ಬಗ್ಗಿ ನೋಡಿ ನನ್ನ ಮುಖ ಕಂಡ ಕೂಡಲೇ ಕಂಬಿಗೆ ಚಮಚ ಬಡಿಯುತ್ತಾನೆ.

ವಾರ್ಡಿನಲ್ಲಿ ನನ್ನಷ್ಟು ಹಳಬರು ಯಾರೂ ಉಳಿದಿಲ್ಲ. ಡೆಂಗಿಯ ಮಕ್ಕಳು ಬರುತ್ತವೆ, ಹೋಗುತ್ತವೆ. ಅವುಗಳ ತಾಯಂದಿರು ಬಿಸಿನೀರು ಎಲ್ಲಿ ಸಿಗುತ್ತದೆ, ಯಾವ ಡಾಕ್ಟರು ಸಿಡುಕು, ಯಾವ ನಲ್ಲಿಯಲ್ಲಿ ಮಧ್ಯಾಹ್ನವೂ ನೀರು ಬರುತ್ತದೆ ಎಂದು ನನ್ನನ್ನೇ ಕೇಳುತ್ತಾರೆ. ‘ಮೇಯರಮ್ಮಾ’ ಎಂದೇ ಕರೆಯುತ್ತಾರೆ. ಮೊನ್ನೆ ಒಬ್ಬಳು, ಪಾಪ, ಎಳೆಯವಳು, ಮಗುವನ್ನು ಎತ್ತಿಕೊಂಡು ಮನೆಗೆ ಹೊರಟಾಗ, “ಮೇಯರಮ್ಮಾ, ಮುಂದಿನ ಸಲ ಬಂದಾಗ ಇದೇ ಮಂಚ ಕೊಡಿಸಿ ಆಯ್ತಾ?” ಎಂದು ನಕ್ಕಳು. “ಮುಂದಿನ ಸಲ ಅಂದ್ರೆ ನಾಲಿಗೆ ಕುಯ್ತೀನಿ, ಹೋಗೇ!” ಎಂದು ನಾನೂ ನಕ್ಕೆ. ಅವಳು ಹೋದ ಮೇಲೆ ಕಿಟಕಿಯ ಸರಳು ಹಿಡಿದು ಬಹಳ ಹೊತ್ತು ನಿಂತಿದ್ದೆ. ಮೋಡವಿಲ್ಲದ ದಿನ ನಮ್ಮ ದ್ವೀಪ ಎಷ್ಟು ಹತ್ತಿರ ಕಾಣುತ್ತದೆ ಎಂಬುದು ನಿನಗೆ ನೆನಪಿರಬಹುದು. ದಕ್ಕೆಯ ಬಳಿ ಹೊಸದಾಗಿ ಹೊದಿಸಿದ ತಗಡು ಸಹ ಹೊಳೆಯುತ್ತದೆ. ಈಜು ಬರುವವನು ಈಜಿ ಮುಟ್ಟಬಹುದು ಎನ್ನಿಸುತ್ತದೆ. ಆದರೆ ಸೆಲ್ಮೊನ ಕುತ್ತಿಗೆಯಲ್ಲಿರುವ ಬೆರಳುದ್ದದ ಕೊಳವೆ ನಮ್ಮಿಬ್ಬರನ್ನೂ ಈ ಮಂಚಕ್ಕೆ ಕಟ್ಟಿಹಾಕಿದೆ. ತಿಂಗಳು ತುಂಬದೆ ಹುಟ್ಟಿದ ಮಗುವಿಗೆ ಯಂತ್ರದಿಂದ ಉಸಿರು ಕೊಟ್ಟರು, ಆ ಯಂತ್ರದ ನಳಿಕೆಯಿಂದಲೇ ಗಂಟಲು ಕಿರಿದಾಯಿತು, ಗಂಟಲು ಕಿರಿದಾಗಿದ್ದಕ್ಕೆ ಈ ಕೊಳವೆ. ಯಾರನ್ನು ಬೈಯುವುದು ಹೇಳು? ಅವನು ಬದುಕಿದ್ದೂ ಅದರಿಂದಲೇ.

ನೀನು ಹೋದ ಮೇಲೆ ಒಮ್ಮೆ ಅವನನ್ನು ಮನೆಗೆ ಕರೆದುಕೊಂಡು ಹೋಗಿದ್ದೆನಲ್ಲ, ಅದನ್ನು ಫೋನಿನಲ್ಲಿ ನಿನಗೆ ಅರ್ಧ ಮಾತ್ರ ಹೇಳಿದ್ದೆ. ನಮ್ಮ ಊರಿಗೆ ಕರೆಂಟು ಸಂಜೆ ಮಾತ್ರ ಬರುತ್ತದೆ ಎಂಬುದು ಡಾಕ್ಟರಿಗೆ ಗೊತ್ತಿರಲಿಲ್ಲ; ಕರೆಂಟಿಲ್ಲದೆ ಕಫ ಹೀರುವ ಯಂತ್ರ ಓಡುವುದಿಲ್ಲ ಎಂಬುದು ನನ್ನ ತಲೆಗೆ ಹೋಗಿರಲಿಲ್ಲ. ಬೆಳಿಗ್ಗೆ ಕೊಳವೆ ಕಟ್ಟಿಕೊಂಡಿತು. ತುಟಿ ನೇರಳೆಯಾಯಿತು. ನಿನ್ನ ಅಣ್ಣ ಕ್ರಿಸ್ಪಿನ್ ದೋಣಿಯ ಮೋಟಾರನ್ನು ಹೇಗೆ ಓಡಿಸಿದನೋ ದೇವರಿಗೇ ಗೊತ್ತು. ನಾನು ನಡುನೀರಿನಲ್ಲಿ ಕೊಳವೆಯ ಬಾಯಿಗೆ ನನ್ನ ಬಾಯಿಟ್ಟು ಹೀರಿ ಉಗಿಯುತ್ತಾ ಬಂದೆ. ಆವತ್ತಿನಿಂದ ದೊಡ್ಡ ಡಾಕ್ಟರು ಒಂದೇ ಮಾತು ಹಿಡಿದಿದ್ದಾರೆ: ಈ ಕೆಲಸವನ್ನೆಲ್ಲ ಕಲಿತವರು ಮನೆಯಲ್ಲಿ ಇಬ್ಬರಿರಬೇಕು, ಇಲ್ಲದಿದ್ದರೆ ಮಗುವನ್ನು ಕಳಿಸುವುದಿಲ್ಲ. “ಒಬ್ಬರು ನಿದ್ದೆ ಮಾಡ್ಬೇಕಲ್ಲಮ್ಮ” ಎನ್ನುತ್ತಾರೆ. ಅವರ ಮಾತಿನಲ್ಲಿ ತಪ್ಪೇನಿದೆ?

ಈಗ ಒಳ್ಳೆಯ ಸುದ್ದಿ. ನರ್ಸ್ ಸೊರೈದಾ ನಿನಗೆ ನೆನಪಿದ್ದಾಳೆಯೇ? ನೀನಿದ್ದಾಗ ಹೊಸಬಳು, ಸೂಜಿ ಚುಚ್ಚುವಾಗ ಮಗುವಿಗಿಂತ ಮೊದಲು ತಾನೇ ಕಣ್ಣು ಮುಚ್ಚುತ್ತಿದ್ದಳು. ಈಗ ಅವಳೇ ನಮ್ಮ ವಾರ್ಡಿನ ಹಿರಿಯ ನರ್ಸು. ಜ್ವರ ನೋಡಿ ಔಷಧಿ ಕೊಟ್ಟು ಹೋಗುವವಳಲ್ಲ. ಸೆಲ್ಮೊನನ್ನು ನೆಲದ ಮೇಲೆ ಕೂರಿಸಿಕೊಂಡು ಮರದ ತುಂಡು ಪೇರಿಸು ಎನ್ನುತ್ತಾಳೆ, ಚೆಂಡು ಒದೆ ಎನ್ನುತ್ತಾಳೆ, ವಯಸ್ಸಿಗೆ ತಕ್ಕ ಹಾಗೆ ಬುದ್ಧಿ, ಕೈಕಾಲು ಬೆಳೆಯುತ್ತಿವೆಯೇ ಎಂದು ನೋಡುತ್ತಾಳೆ. ತುಂಡುಗಳನ್ನು ಅವನು ನನ್ನ ಮೊಣಕೈ ಎತ್ತರಕ್ಕೆ ಪೇರಿಸಿದ. ಸಿರಿಂಜ್ ಯಾವುದು ಎಂದರೆ ತೋರಿಸುತ್ತಾನೆ, ಬ್ಯಾಂಡೇಜು ತೋರಿಸುತ್ತಾನೆ. ಕೋಳಿಯ ಚಿತ್ರ ಕೊಟ್ಟರೆ ಅದನ್ನು ತಿರುಗಿಸಿ ತಿರುಗಿಸಿ ನೋಡಿ ನನ್ನ ಮುಖ ನೋಡಿದ. ನಮ್ಮ ಮನೆಯ ಮಗು, ಇಲ್ಡಾ! ಕೋಳಿ ಕೂಗಿದರೆ ಏಳುವ ಮನೆಯ ಮಗುವಿಗೆ ಕೋಳಿ ಗೊತ್ತಿಲ್ಲ. ಬಟ್ಟೆಯ ಗೊಂಬೆ ಕೊಟ್ಟರೆ ಉಳಿದ ಮಕ್ಕಳು ತಟ್ಟಿ ಮಲಗಿಸುತ್ತವೆ, ಇವನು ಅದರ ಕುತ್ತಿಗೆಗೆ ಹೀರುಗೊಳವೆ ಹಾಕಿ ಕಫ ತೆಗೆಯುತ್ತಾನೆ, ಆಮೇಲೆ ಬೆನ್ನು ತಟ್ಟುತ್ತಾನೆ. ತಾಯಂದಿರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಇನ್ನೊಂದು ದಿನ ಸೊರೈದಾ ಅವನನ್ನು ಹಿಂದಿನ ಅಂಗಳಕ್ಕೆ ಎತ್ತಿಕೊಂಡು ಹೋಗಿ ಹುಲ್ಲಿನ ಮೇಲೆ ಇಳಿಸಲು ನೋಡಿದಳು. ಅವನು ಎರಡೂ ಕಾಲನ್ನು ಹೊಟ್ಟೆಗೆ ಎಳೆದುಕೊಂಡು ಅವಳ ಕೊರಳಿಗೆ ಜೋತುಬಿದ್ದ. ಇಳಿಸಿದಷ್ಟೂ ಕಾಲು ಮೇಲಕ್ಕೆ! ಸಿಮೆಂಟು ಬಿಟ್ಟು ಬೇರೆ ನೆಲವನ್ನು ಆ ಕಾಲು ಕಂಡಿದ್ದೇ ಇಲ್ಲವಲ್ಲ. ಆದರೆ ಪಟ್ಟು ಬಿಡುವ ಹುಡುಗಿಯಲ್ಲ ಅವಳು. ದಿನವೂ ಮಧ್ಯಾಹ್ನ ತನ್ನ ಊಟದ ಹೊತ್ತಿನಲ್ಲಿ ಕರೆದುಕೊಂಡು ಹೋಗಿ, ತಾನೇ ಚಪ್ಪಲಿ ಬಿಚ್ಚಿ ಹುಲ್ಲಿನಲ್ಲಿ ಕೂತು, ಅವನನ್ನು ಮಡಿಲಲ್ಲಿಟ್ಟುಕೊಂಡು ಅನ್ನ ತಿನ್ನುತ್ತಿದ್ದಳು. ಹೋದ ವಾರ ಒಂದು ಹೆಬ್ಬೆರಳು ಕೆಳಗಿಳಿಯಿತು. ನಿನ್ನೆ ಇಡೀ ಪಾದ.

ಅವಳಿಗೆ ಚಿಂತೆಯಿದ್ದದ್ದು ಹುಲ್ಲಿನದಲ್ಲ. ಸೆಲ್ಮೊ ಯಾರು ಕೈಚಾಚಿದರೂ ಹೋಗುತ್ತಿದ್ದ. ಕಸ ಗುಡಿಸುವವಳು, ಔಷಧಿ ಕಂಪನಿಯವನು, ಪಕ್ಕದ ಮಂಚದ ಮಗುವಿನ ಮಾವ, ಯಾರಾದರೂ ಸರಿ. ನಾನು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ, ನನ್ನ ಮೊಮ್ಮಗನಿಗೆ ಗರ್ವವಿಲ್ಲ, ಎಲ್ಲರೂ ಬೇಕು ಎಂದು. ಒಂದು ದಿನ ಸೊರೈದಾ ನನ್ನ ಪಕ್ಕ ಕೂತು ಮೆಲ್ಲಗೆ, “ಅಜ್ಜೀ, ಎಲ್ಲರ ಹತ್ರಾನೂ ಹೋಗೋ ಮಗೂಗೆ ತನ್ನೋರು ಅಂತ ಯಾರೂ ಇನ್ನೂ ಗಟ್ಟಿಯಾಗಿಲ್ಲ ಅಂತ ಅರ್ಥ. ಇಷ್ಟು ಕೈ ಬದಲಾದ್ರೆ ಮಗು ತಾನೇ ಏನ್ ಮಾಡುತ್ತೆ? ಈ ವಯಸ್ಸಲ್ಲಿ ಅವ್ನು ನಿಮ್ಮ ಸೆರಗು ಬಿಡಬಾರ್ದಿತ್ತು” ಎಂದಳು. ನನಗೆ ಸಿಟ್ಟು ಬಂತು. ನಾನು ಇಲ್ಲಿ ಮಂಚದ ಕೆಳಗೆ ಸವೆಯುತ್ತಿರುವುದು ಮತ್ತೆ ಯಾತಕ್ಕೆ? ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಆವತ್ತಿನಿಂದ ಅವನ ಸ್ನಾನ, ಊಟ, ಕೊಳವೆ ಸುತ್ತಲಿನ ಚರ್ಮ ಒರೆಸುವುದು ಎಲ್ಲವನ್ನೂ ನನ್ನ ಕೈಯಿಂದಲೇ ಮಾಡಿಸಿದಳು. ಉಳಿದ ನರ್ಸುಗಳಿಗೂ, “ನೀವು ಎತ್ಕೋಬೇಡಿ, ಅಜ್ಜೀನ ಕರೀರಿ” ಎಂದು ಹೇಳಿಟ್ಟಳು.

ಹೋದ ತಿಂಗಳು ಒಂದು ಬೆಳಿಗ್ಗೆ ನಾನು ಹಿಂದಿನ ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದೆ. ಸೊರೈದಾ ಓಡಿಬಂದಳು. ಕಣ್ಣಲ್ಲಿ ನೀರು, ಮುಖದ ತುಂಬ ನಗು. “ಅಜ್ಜೀ ಬೇಗ ಬನ್ನಿ, ನಿಮ್ಮ ಮೊಮ್ಮಗ ಅಳ್ತಿದಾನೆ!” “ಮಗು ಅತ್ರೆ ನಗ್ತೀಯಲ್ಲೇ, ತಲೆಗಿಲೆ ಕೆಟ್ಟಿದ್ಯಾ ನಿಂಗೆ?” ಎಂದು ಸೋಪಿನ ಕೈಯಲ್ಲೇ ಓಡಿದೆ. ಕಂಬಿ ಹಿಡಿದು ನಿಂತಿದ್ದ. ಬಾಯಿ ಅಗಲ, ಮುಖ ಕೆಂಪು, ಕಣ್ಣೀರು ಗದ್ದದಿಂದ ತೊಟ್ಟಿಕ್ಕುತ್ತಿತ್ತು. ಸದ್ದು ಮಾತ್ರ ಇಲ್ಲ, ಕೊಳವೆಯ ಬಾಯಲ್ಲಿ ಬರೀ ಗಾಳಿಯ ಸುಯ್ಯಲು. ಕಸ ಗುಡಿಸುವ ಮಿಲಾಗ್ರೊಸ್ ಕೈಚಾಚಿದರೆ ಅವಳ ಕೈಯನ್ನು ತಳ್ಳಿದ! ನನ್ನನ್ನು ಕಂಡ ಕೂಡಲೇ ಎರಡೂ ತೋಳು ಎತ್ತಿದ. ನನ್ನ ಕುತ್ತಿಗೆಯನ್ನು ಎಷ್ಟು ಬಿಗಿಯಾಗಿ ಹಿಡಿದನೆಂದರೆ, ಮಗಳೇ, ಬೆರಳಿನ ಗುರುತು ಮೂಡಿತ್ತು. ಸೊರೈದಾ ಪಕ್ಕದಲ್ಲಿ ನಿಂತು ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದಳು.

ಚಪ್ಪಾಳೆ ಅವಳದು, ಪಾಡು ನನ್ನದು. ಆವತ್ತಿನಿಂದ ನನಗೆ ಕಕ್ಕಸಿಗೆ ಹೋಗುವ ಸ್ವಾತಂತ್ರ್ಯವೂ ಇಲ್ಲ. ಬೇರೆ ಮಕ್ಕಳು ಅತ್ತರೆ ವರಾಂಡದ ಆಚೆಗೂ ಕೇಳುತ್ತದೆ, ತಾಯಿ ‘ಬಂದೆ, ಬಂದೆ’ ಎಂದು ಅಲ್ಲಿಂದಲೇ ಕೂಗಬಹುದು. ಇವನ ಅಳು ಕಣ್ಣಿಗೆ ಕಂಡರೆ ಮಾತ್ರ ಅಳು. ಬೆನ್ನು ತಿರುಗಿಸಿದರೆ ಅಳುತ್ತಿದ್ದಾನೋ ಏನೋ ಎಂದು ಮತ್ತೆ ತಿರುಗಿ ನೋಡಬೇಕು. ಪೂಜೆಗೆ ಚರ್ಚಿಗೆ ಹೋಗದೆ ಎಷ್ಟು ಭಾನುವಾರವಾಯಿತೋ. ಈ ಕಾಗದವನ್ನೂ ಅವನನ್ನು ತೊಡೆಯ ಮೇಲಿಟ್ಟುಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಅಲ್ಲಲ್ಲಿ ಜಾರಿದ್ದರೆ ಅದು ಅವನ ಮೊಣಕೈ. ಕೆಲವು ಸಂಜೆ ಈ ಗೋಡೆ, ಈ ಫಿನಾಯಿಲ್ ವಾಸನೆ, ಎದುರು ಕಂಡೂ ಕೈಗೆ ಸಿಗದ ನಮ್ಮ ದ್ವೀಪ ಎಲ್ಲಾ ಸೇರಿ ಮೈಮೇಲೆ ಬಿದ್ದ ಹಾಗಾಗುತ್ತದೆ. ಕೂಗಬೇಕು ಎನ್ನಿಸುತ್ತದೆ. ಮಕ್ಕಳು ಮಲಗಿರುತ್ತವೆ, ಕೂಗುವ ಹಾಗಿಲ್ಲ.

ಕಲಿಯಬೇಕಾದದ್ದನ್ನೆಲ್ಲ ನಾನು ಕಲಿತೆ. ಸೊರೈದಾ ಎಲ್ಲಿಂದಲೋ ಕಾಲಿನಿಂದ ತುಳಿಯುವ ಹೀರುಯಂತ್ರ ತರಿಸಿದ್ದಾಳೆ, ಹೊಲಿಗೆ ಯಂತ್ರದ ಹಾಗೆ, ಕರೆಂಟು ಬೇಡ. ಮೊದಲು ಗೊಂಬೆಯ ಮೇಲೆ, ಆಮೇಲೆ ಅವನ ಮೇಲೆ ಮಾಡಿಸಿದಳು. ಹಳೆಯ ಕೊಳವೆ ತೆಗೆದು ಹೊಸದು ಹಾಕುವ ದಿನ ಬಾಲಯೇಸುವಿನ ಹೆಸರು ಹೇಳಿ ಅದನ್ನು ಕುತ್ತಿಗೆಯ ತೂತಿನ ಹತ್ತಿರ ಹಿಡಿದೆ. “ಅಜ್ಜೀ, ಉಸಿರು ಬಿಡಿ. ಅವ್ನು ಉಸಿರಾಡ್ತಿದಾನೆ, ನೀವೇ ಕಟ್ಕೊಂಡಿದೀರ” ಎಂದಳು. ಹಾಕಿದೆ. ಒಳಗೆ ಹೋಯಿತು. ಅವನು ಕೆಮ್ಮಿ ನನ್ನ ಮೂಗು ಹಿಡಿದು ಎಳೆದ. ಆದರೆ ಕೊಳವೆಯ ಪಟ್ಟಿ ಬದಲಿಸುವುದಕ್ಕೆ ಒಬ್ಬರು ಹಿಡಿದುಕೊಂಡಿರಬೇಕು, ಇನ್ನೊಬ್ಬರು ಕಟ್ಟಬೇಕು. ನಾನು ಮಲಗಿದಾಗ ಎಚ್ಚರವಿರುವವರು ಬೇಕು. ಕ್ರಿಸ್ಪಿನ್ ರಾತ್ರಿಯೆಲ್ಲ ಸಮುದ್ರದ ಮೇಲಿರುತ್ತಾನೆ. ಅವನ ಹೆಂಡತಿ ಬೆಲೆನ್ ಕಲಿಯುತ್ತೇನೆಂದು ಮಾವಿನಹಣ್ಣಿನ ಬುಟ್ಟಿ ಹೊತ್ತು ಬಂದಳು. ಕೊಳವೆ ಈಚೆ ಬಂದು ಕುತ್ತಿಗೆಯ ತೂತು ಕಂಡದ್ದೇ ತಡ, ಧೊಪ್ಪನೆ ಬಿದ್ದಳು. ಎಚ್ಚರವಾದ ಮೇಲೆ ಹಣೆಯ ಬೋರೆ ಒತ್ತಿಕೊಳ್ಳುತ್ತಾ, “ಅತ್ತೇ, ನಾನು ಕೋಳಿ ಕುಯ್ತೀನಿ, ಹಂದಿ ಕುಯ್ತೀನಿ, ಇದು ನನ್ ಕೈಲಿ ಆಗಲ್ಲ” ಎಂದು ಅತ್ತಳು. ಅವಳನ್ನು ಬೈಯಬೇಡ, ಅವಳ ಮನಸ್ಸು ಒಳ್ಳೆಯದು, ತಲೆ ಮಾತ್ರ ಸುತ್ತುತ್ತದೆ. ಮಗುವಿನ ಅಪ್ಪನ ಹೆಸರನ್ನು ನಾನು ಎತ್ತುವುದಿಲ್ಲ. ಮಿಂದಾನಾವ್ ದ್ವೀಪದ ಕಡೆ ಇನ್ನೊಂದು ಸಂಸಾರ ಹೂಡಿದವನನ್ನು ಏನೆಂದು ಕರೆಸುವುದು?

ಸೊರೈದಾ ಬೆಳಗಿನ ಪಾಳಿ ಮುಗಿಸಿ ಹೊರಟಿದ್ದಾಳೆ, ದಾರಿಯಲ್ಲಿ ಅಂಚೆಗೆ ಹಾಕುತ್ತೇನೆಂದು ಬಾಗಿಲಲ್ಲಿ ಕಾಯುತ್ತಿದ್ದಾಳೆ. ಹೊಟ್ಟೆ ತುಂಬ ಉಣ್ಣು, ಬೆನ್ನು ನೋಯುವಾಗ ಮುದುಕನನ್ನು ಒಬ್ಬಳೇ ಎತ್ತಬೇಡ. ಬಾಲಯೇಸು ನಿನ್ನ ತಲೆ ಕಾಯಲಿ. ಕ್ರಿಸ್ಪಿನ್, ಬೆಲೆನ್ ನಿನ್ನನ್ನು ಕೇಳಿದರು. ಸೆಲ್ಮೊ ಕಾಗದದ ಮೂಲೆಯನ್ನು ಕಚ್ಚಿ ತನ್ನ ಸಹಿ ಹಾಕಿದ್ದಾನೆ.

ನಿನ್ನನ್ನು ಹೆತ್ತವಳು,
ಪಾನ್ಯಾಂಗ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ನಿನ್ನ ಕಾಗದದಲ್ಲಿ, ‘ಜನವರಿಯಲ್ಲಿ ಇದೇ ಕೆಲಸಕ್ಕೆ ಇನ್ನೆರಡು ವರ್ಷಕ್ಕೆ ಸಹಿ ಹಾಕುತ್ತೇನೆ, ನಾನು ಹೊರಟಾಗ ಬಾಗಿಲಿನಿಂದ ಕರೆದರೂ ತಿರುಗಿ ನೋಡದವನಿಗೆ ನಾನು ಇದ್ದರೇನು ಇಲ್ಲದಿದ್ದರೇನು’ ಎಂದು ಬರೆದಿದ್ದೀಯಲ್ಲ. ನೀನು ಅವನ ಬೆನ್ನು ಮಾತ್ರ ನೋಡಿದೆ. ನಾನು ನಿನ್ನ ಪೆಟ್ಟಿಗೆ ಹಿಡಿದು ಗೇಟಿನ ಹತ್ತಿರ ಇದ್ದೆ. ಅವನ ಮುಖ ಕಂಡದ್ದು ಎದುರು ನಿಂತಿದ್ದ ಸೊರೈದಾಗೆ ಮಾತ್ರ, ಹೊಸಬಳು, ನಿನ್ನನ್ನು ಕೂಗಿ ಕರೆಯಲು ಹೆದರಿದಳಂತೆ. ಮೊನ್ನೆ ಹೇಳಿದಳು. ಅವನು ಅಳುತ್ತಿದ್ದ, ಇಲ್ಡಾ. ಕೊಳವೆ ತುಂಬಿಕೊಳ್ಳುವ ತನಕ ಅತ್ತ. ಎರಡನೆಯವರು ಯಾರು ಎಂದು ದೊಡ್ಡ ಡಾಕ್ಟರು ನಿನ್ನೆ ಮತ್ತೆ ಕೇಳಿದರು. ಅವನ ತಾಯಿ, ಜನವರಿಯಲ್ಲಿ ಬರುತ್ತಾಳೆ ಎಂದುಬಿಟ್ಟೆ. ನಿನ್ನನ್ನು ಕೇಳದೆ ಹೇಳಿದ್ದು ತಪ್ಪಾಗಿದ್ದರೆ, ಬೈಯುವುದನ್ನು ಇಲ್ಲಿಗೇ ಬಂದು ಬೈ.