ಎಡರೆಕ್ಕೆಯ ಕಾವಲು

ವಿಮಾನ ನಿಲ್ದಾಣದ ಸಿಬ್ಬಂದಿ ವಸತಿ
16 ಜನವರಿ 2025, ಗುರುವಾರ

ಪ್ರೀತಿಯ ಮಗಳು ಸುಪ್ರಿತಾಳಿಗೆ ಅಪ್ಪನ ಆಶೀರ್ವಾದ.

ಫೋನ್ ಮಾಡಿದರೆ ನೀನು ಅಳುವುದರಲ್ಲೇ ಹೊತ್ತು ಹೋಗುತ್ತದೆ. ಹಾಗಾಗಿ ಈ ಕಾಗದ.

ಮೊದಲು ನಷ್ಟದ ಪಟ್ಟಿ. ಒಂದು ವಿಮಾನದ ರೆಕ್ಕೆಯ ತುದಿ, ಆರಡಿ. ಇನ್ನೊಂದರ ಬಾಲ, ಪೂರ್ತಿ. ಹೊರಡಲಾಗದೆ ಇಳಿದವರು ನೂರ ಅರವತ್ತೆರಡು ಜನ, ಅದರಲ್ಲಿ ಒಬ್ಬಳು ಮದುಮಗಳು. ನಿನ್ನ ಗಂಡನ ಎಡ ಮೊಣಕಾಲು.

ಆಗಿದ್ದು ಇಷ್ಟೆ. ಹೋದ ವಾರ, ಬೆಳಿಗ್ಗೆ ಏಳು ಗಂಟೆ, ದಟ್ಟ ಮಂಜು. ಖಾಲಿ ವಿಮಾನವೊಂದನ್ನು ನನ್ನ ಟಗ್ ಗಾಡಿಗೆ ಕಟ್ಟಿ ಶೆಡ್ಡಿನಿಂದ ಎಳೆದು ತರುತ್ತಿದ್ದೆ. ಬಲರೆಕ್ಕೆಯ ತುದಿಯಲ್ಲಿ ಸಾಬಿತ್, ಎಡರೆಕ್ಕೆಯ ತುದಿಯಲ್ಲಿ ನಿನ್ನ ಗಂಡ ಲತೀಶ, ಇಬ್ಬರ ಕೈಯಲ್ಲೂ ದೀಪದ ಕೋಲು. ರೆಕ್ಕೆ ಎಲ್ಲೂ ತಾಗದಂತೆ ಕಾಯುತ್ತಾ ನಡೆಯುವುದೇ ಅವರ ಕೆಲಸ. ದೀಪ ಕಾಣದಿದ್ದರೆ ಚಾಲಕ ನಿಲ್ಲಿಸಬೇಕು. ಏನಾದರೂ ಅಡ್ಡ ಬಂದರೆ ಅವರು ವಾಕಿಟಾಕಿಯಲ್ಲಿ "ಸ್ಟಾಪ್" ಎನ್ನಬೇಕು. ಒಂದೇ ಶಬ್ದ. ಜನ ತುಂಬಿದ ವಿಮಾನವೊಂದು ಮಂಜು ಕರಗಲೆಂದು ದಾರಿಯಲ್ಲೇ ನಿಂತಿತ್ತು. ಮೊದಲು ಕಂಡದ್ದು ಲತೀಶನಿಗೆ.

ಅವನು ಅಂದದ್ದೇನು ಗೊತ್ತೇ? "ಮಾವ, ತೊಂದರೆ ಇಲ್ಲದಿದ್ದರೆ ಒಮ್ಮೆ ನಿಲ್ಲಿಸುದಾ?"

"ಎಂತದಕ್ಕೆ ಮಾರಾಯ?" ಎಂದೆ.

"ಅಲ್ಲ, ಎದುರು ಎಂತದೋ ಉಂಟು ಮಾವ. ಇನ್ನು ನೀವು ಹೇಳಿದ ಹಾಗೆ."

ಅಷ್ಟರಲ್ಲಿ ಆ ವಿಮಾನದ ಬಾಲ ತುಂಡಾಗಿತ್ತು. ಎರಡೂ ಕೈ ಎತ್ತಿ ಓಡಿ ಬಂದ ಲತೀಶನ ಮೊಣಕಾಲಿಗೆ ಮುರಿದ ರೆಕ್ಕೆ ಬಡಿಯಿತು. ಲತೀಶನ ದೀಪ ಕಾಣುತ್ತಿತ್ತೇ ಎಂದು ನನ್ನನ್ನು ಯಾರೂ ಕೇಳಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುವ ಅಭ್ಯಾಸ ನನಗಿಲ್ಲ.

ಮಗನಿಗೆ ಬೊಬ್ಬೆ ಹೊಡೆಯಲು ಬಾಯಿ ಇರಲಿಲ್ಲವಾ ಎಂದು ನಿನ್ನ ಅತ್ತೆ ಲೋಲಾಕ್ಷಿ ಕೇಳಿದರಂತೆ. ಬಾಯಿ ಇತ್ತು. ಕಳೆದ ತಿಂಗಳು ಏಣಿಯೊಂದು ಅಡ್ಡ ಬಂದಾಗ "ಸ್ಟಾಪ್!" ಎಂದು ಕಿರುಚಿದ್ದ. ಇಪ್ಪತ್ತು ಜನರೆದುರು ಅವನನ್ನು ನಿಲ್ಲಿಸಿ, "ಹೆಣ್ಣು ಕೊಟ್ಟ ಮಾವನಿಗೇ ಬೊಬ್ಬೆ ಹೊಡೆಯುದಾ? ಕಾಣಿಯೂರಿನ ಕಂಬಳದಲ್ಲಿ ಕೋಣ ಓಡಿಸಿದ ಹಾಗೆ?" ಎಂದಿದ್ದೆ. ಎಲ್ಲರೂ ನಕ್ಕರು. ತಲೆ ತಗ್ಗಿಸಿ ಅವನೂ ನಕ್ಕ. ಕ್ಯಾಂಟೀನಿನಲ್ಲಿ ಕಂಡಾಗೆಲ್ಲ ಸಾಬಿತ್, "ಮಾವನ ಹತ್ತಿರ ಕೇಳಿ ಚಾ ಕುಡಿ ಮಾರಾಯ" ಎನ್ನುತ್ತಿದ್ದ. ಆಮೇಲೆ ಅಳಿಯನ ಬಾಯಲ್ಲಿ ಸ್ಟಾಪ್ ಎಂಬ ಶಬ್ದ ಬರಲೇ ಇಲ್ಲ. ಮರ್ಯಾದೆ ಕಲಿಸಿದ್ದು ತಪ್ಪಾದರೆ, ತಪ್ಪು ನನ್ನದೇ. ಆದರೆ ವಿಚಾರಣೆಯ ಫಾರಮ್ಮಿನಲ್ಲಿ ಮರ್ಯಾದೆಗೆ ಕಾಲಂ ಇಲ್ಲ.

ಸೋಮವಾರ ವಿಚಾರಣೆ. ತಪ್ಪು ಯಾರ ತಲೆಗೆ ಬರುತ್ತದೋ ಅವರ ಪಾಸ್ ರದ್ದು. ಆಮೇಲೆ ಯಾವ ವಿಮಾನ ನಿಲ್ದಾಣದ ಗೇಟೂ ದಾಟುವಂತಿಲ್ಲ. ಕುಂಟುತ್ತಲಾದರೂ ಬರುತ್ತೇನೆ, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ ಎನ್ನುತ್ತಿದ್ದಾನಂತೆ ಲತೀಶ. ಅವನನ್ನು ಬಸ್ ಹತ್ತಲು ಬಿಡಬೇಡ. ನಿನಗೆ ಜ್ವರ ಅನ್ನು, ಏನಾದರೂ ಅನ್ನು. ಬೆಳ್ಳಾರೆಯಿಂದ ಬಂದು ಪೆಟ್ಟಿಗೆ ಹೊತ್ತವನು ನಾನು. ಟಗ್ಗಿನ ಸೀಟಿಗೆ ಏರಲು ಹನ್ನೊಂದು ವರ್ಷ ಹಿಡಿಯಿತು. ಅವನಿಗಿನ್ನೂ ವಯಸ್ಸುಂಟು, ಪುತ್ತೂರಿನಲ್ಲಿ ಬಾಡಿಗೆ ಕಾರು ಓಡಿಸಲಿ. ಕ್ಲಚ್ಚಿಗೆ ಎಡಗಾಲು ಬೇಕಲ್ಲ ಎನ್ನಬೇಡ, ಈಗ ಕ್ಲಚ್ ಇಲ್ಲದ ಕಾರುಗಳೂ ಬಂದಿವೆ.

ಔಷಧಿ ತಪ್ಪಿಸಬೇಡಿ.

ನಿಮ್ಮ ಒಳ್ಳೆಯದನ್ನೇ ಬಯಸುವ ಅಪ್ಪ,
ತೀರ್ಥರಾಮ

ಮರೆತ ಮಾತು: ಅವನ ಹೇಳಿಕೆ ಆಗಲೇ ಕಚೇರಿ ಸೇರಿದೆ. "ನಾನು ರೆಕ್ಕೆಯ ಬಳಿ ಇರಲಿಲ್ಲ, ತಡವಾಗಿ ಓಡಿ ಬರುವಾಗ ಪೆಟ್ಟಾಯಿತು" ಎಂದು ಬರೆಸಿ ಆಸ್ಪತ್ರೆಗೆ ಒಯ್ದಿದ್ದೆ. ಮಾವ ಪೆನ್ನು ಚಾಚಿರುವಾಗ ಓದುತ್ತಾ ಕೂರುವುದು ಸರಿಯಲ್ಲವೆಂದು, ಆ ನೋವಿನಲ್ಲೂ ಎದ್ದು ಕೂತು ಸಹಿ ಹಾಕಿದ. ವಿಚಾರಣೆಗೆ ಬಂದರೆ ಅದನ್ನು ಅವನೆದುರೇ ಓದುತ್ತಾರೆ. ಅವನಿಗೆ ಹೇಳುವೆಯಾದರೆ ಹೇಳು. ಆಗ ಸುಳ್ಳು ಬರೆಸಿದವನದು, ಅದಕ್ಕೆ ಸಹಿ ಹಾಕಿದವನದು, ಇಬ್ಬರ ಪಾಸೂ ಹೋಗುತ್ತದೆ, ನೀನೇ ಲೆಕ್ಕ ಹಾಕು. ಈಗಿನಂತೆಯೇ ನಡೆದರೆ, ನನಗೆ ಮೊದಲೇ ಮಾತಾಗಿದ್ದ ಮೇಲ್ವಿಚಾರಕನ ಕುರ್ಚಿ. ನನ್ನ ಪರ ಸಾಕ್ಷಿ ಹೇಳುವ ಸಾಬಿತ್‌ಗೆ ನನ್ನ ಟಗ್. ನಿನಗೆ ಸದಾ ಮನೆಯಲ್ಲಿರುವ ಗಂಡ. ಲತೀಶನಿಗೆ ಊರುಗೋಲು, ಅದನ್ನು ಕಂಪನಿ ವಾಪಸು ಕೇಳುವುದಿಲ್ಲ.