ಎಂಜಲು ಕೇಳಿ ಬಂದವರು

ಕುಲ್ಲೊರ್ಸುವಾಕ್,
ಮೇ ೧೪, ೨೦೧೪

ಪ್ರೀತಿಯ ತಮ್ಮ ಇನುತೆಕ್‌ಗೆ,

ಫೆಬ್ರವರಿಯಲ್ಲಿ ಬಂದ ನಿನ್ನ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈದುಕೋ. ಗಾಳಿಗೆ ನಮ್ಮ ಈ ಹಿಮದ ದ್ವೀಪಕ್ಕೆ ಹೆಲಿಕಾಪ್ಟರ್ ಮೂರು ವಾರ ಬರಲಿಲ್ಲ ಎಂಬುದು ಅರ್ಧ ನಿಜ. ಇನ್ನರ್ಧ, ಬರೆಯಲು ಧೈರ್ಯ ಸಾಲಲಿಲ್ಲ. ಒಣಮೀನು ಕಳಿಸಿದ್ದೇನೆ, ನಾಯಿಗಳಿಗೆ ಹಾಕಬೇಡ, ಮೊಮ್ಮಕ್ಕಳಿಗೆ ಕೊಡು.

ನಾನು ಫೋನ್ ಮಾಡಿ ಬೇಡವೆಂದರೂ ನೀನು ನಿನ್ನೂರು ಇಲುಲಿಸಾಟ್‌ನಲ್ಲಿ ಸಂಶೋಧಕರ ಪರೀಕ್ಷೆಗೆ ಎಂಜಲು ಕೊಟ್ಟೆ. "ನಿನಗೇನು ಹೆದರಿಕೆ?" ಎಂದು ಕೇಳಿದ್ದೀಯ. ನಡೆದದ್ದು ಹೇಳುತ್ತೇನೆ.

ಹೋದ ವರ್ಷ ಸಂಶೋಧಕರು ಶಾಲೆಯಲ್ಲಿ ಸಭೆ ಕರೆದರು. ಡೆನ್ಮಾರ್ಕಿನ ಮರೆಟೆ ಎಂಬಾಕೆಯ ಮಾತನ್ನು ನಮ್ಮ ಭಾಷೆಗೆ ತಿರುಗಿಸುವ ಕೆಲಸ ನನ್ನದು. ನಮ್ಮ ಹಿರಿಯರು ಎಲ್ಲಿಂದ ಬಂದರು, ಯಾರ ಯಾರ ರಕ್ತ ಬೆರೆಯಿತು ಎಂಬುದು ಎಂಜಲಿನಿಂದ ತಿಳಿಯುತ್ತದಂತೆ. ಮುದುಕ ಏಸಾಯಾಸ್ ಎದ್ದು ನಿಂತ.

"ಹಿಂದೆ ನಿಮ್ಮೋರೇ ಬಂದು ನಮ್ಮಜ್ಜನ ತಲೆ ಅಳ್ಕೊಂಡು ಹೋದ್ರು. ಈಗ ಉಗುಳು. ಮುಂದಿನ್ಸಲ ಏನ್ ಕೇಳ್ತೀಯಮ್ಮ, ಚಡ್ಡೀನಾ?"

ಎಲ್ಲರೂ ನಕ್ಕರು. ಮರೆಟೆಗೆ ನಾನು, "ಅವರಿಗೆ ಸ್ವಲ್ಪ ಅನುಮಾನ" ಎಂದಷ್ಟೇ ಹೇಳಿದೆ.

ನನ್ನ ಅನುಮಾನ ಅವನದಕ್ಕಿಂತ ದೊಡ್ಡದಿತ್ತು. "ಯಾರಪ್ಪ ಯಾರು ಅಂತ ಗೊತ್ತಾಗುತ್ತಾ?" ಎಂದು ನಾನೇ ಕೇಳಿದೆ.

"ಒಬ್ಬೊಬ್ಬರ ಮನೆ ಕೆದಕಲ್ಲ. ಇಡೀ ಜನರ ಕತೆ ನೋಡ್ತೀವಿ. ಹೆಸರೂ ಬರೆಯಲ್ಲ" ಎಂದಳು ಮರೆಟೆ.

ಹೆಸರಿಲ್ಲವೆಂದರೆ ಎಂಜಲು ತುಂಬುವ ನಳಿಗೆಯ ಮೇಲೆ ಅಂಕಿ ಯಾಕೆ? ಪೆಟ್ಟಿಗೆಗೆ ಬೀಗ ಯಾಕೆ? ಮನೆಮನೆಗೆ ಹೋಗಿ ಅವರ ಕಾಫಿ ಕುಡಿದು, ಬೇಡವೆಂದು ಹೇಳಿಬಂದೆ. ಹದಿನೇಳೇ ಜನ ಕೊಟ್ಟರು.

ಏಪ್ರಿಲ್‌ನಲ್ಲಿ ಮರೆಟೆ ಫಲಿತಾಂಶ ತಂದಳು. ಒಂದು ಹೆಸರೂ ಇರಲಿಲ್ಲ, ಬಣ್ಣದ ಪಟ್ಟಿಗಳಷ್ಟೇ. ನಮ್ಮ ಹಿರಿಯರ ರಕ್ತಕ್ಕೆ ನೀಲಿ, ಪಟ್ಟಿಯ ಬಹುಪಾಲು ಅದೇ. ಹೆಚ್ಚಿನ ಪಟ್ಟಿಗಳ ತುದಿಯಲ್ಲಿ ಯೂರೋಪಿನ ರಕ್ತದ ಕೆಂಪು.

"ಹಂಗಾದ್ರೆ ಹಿಂದೆ ಹಡಗಲ್ಲಿ ಬಂದ ಆ ಬಿಳಿಯರು ಬರೀ ತಿಮಿಂಗಿಲ ಹಿಡ್ಕೊಂಡು ಹೋಗ್ಲಿಲ್ಲ ಅನ್ನು!" ಎಂದ ಏಸಾಯಾಸ್.

ಈ ಸಲ ಇದ್ದದ್ದು ಇದ್ದಹಾಗೆ ಹೇಳಿದೆ. ಮರೆಟೆ ಕಣ್ಣೊರೆಸಿಕೊಂಡು ನಕ್ಕಳು. ಹೊರಡುವಾಗ ನನ್ನ ಕೈ ಹಿಡಿದು, "ನೀವಿಲ್ಲದಿದ್ದರೆ ನಾನಿಲ್ಲಿ ಮೂಗಿ. ನಿಮ್ಮನ್ನೇ ನಂಬಿದ್ದೆ" ಎಂದಳು. ಒಮ್ಮೆ ಅವ್ವನೂ ನನ್ನನ್ನು ಹೀಗೇ ನಂಬಿದ್ದಳು.

ಸಮುದ್ರ ನಿನ್ನ ಗಾಳ ಬರಿದಾಗಿಸದಿರಲಿ, ಕಾಲಡಿಯ ಮಂಜುಗಡ್ಡೆ ಗಟ್ಟಿಯಿರಲಿ. ಮನೆಮಂದಿಗೆಲ್ಲ ನನ್ನ ಮುತ್ತು.

ನಿನ್ನ ಅಕ್ಕ,
ಬೊಲೆಟ್ಟೆ

ತಾ.ಕ.: ನನ್ನಪ್ಪ ಸಮುದ್ರದಲ್ಲಿ ತೀರಿಹೋದ ಮೇಲೆ, ಶಾಲೆ ಕಟ್ಟಲು ಬಂದ ಡೇನಿಷ್ ಬಡಗಿಗೆ ನೀನು ಹುಟ್ಟಿದೆ, ಅಷ್ಟು ನಿನಗೂ ಗೊತ್ತು. ಅವನು ನಿನ್ನನ್ನು ಬೇಡವೆಂದು ಬಿಟ್ಟುಹೋದನೆಂದು ಇಷ್ಟು ವರ್ಷ ನಂಬಿದ್ದೀಯ. ಅವನು ಅವ್ವನಿಗೆ ಕಾಗದ ಬರೆದಿದ್ದ, ಇನುತೆಕ್. ಮನೆಯಲ್ಲಿ ಡೇನಿಷ್ ಓದಬಲ್ಲವಳು ಹನ್ನೆರಡು ವರ್ಷದ ನಾನೊಬ್ಬಳೇ. "ಮಗನನ್ನು ನೋಡಬೇಕು, ಬೇಸಿಗೆಯ ಹಡಗಿಗೆ ಬರಲೇ?" ಎಂದಿತ್ತು. ನಿನ್ನನ್ನು ಎತ್ತಿಕೊಂಡು ಹೋಗಿಬಿಡುತ್ತಾನೆಂದು ಹೆದರಿದೆ. "ಏನ್ ಬರ್ದವ್ನೆ?" ಎಂದಳು ಅವ್ವ. "ಇನ್ನು ಬರಲ್ವಂತೆ" ಎಂದೆ. ಅವಳು ಕಾಗದವನ್ನು ಒಲೆಗೆ ಹಾಕಿದಳು. ಎಂಜಲಿನ ಜಾಡು ಹಿಡಿದು ನೀನು ಅವನವರನ್ನು ಮುಟ್ಟಿದರೆ ನನ್ನ ಸುಳ್ಳು ಹೊರಬೀಳುತ್ತದೆಂದೇ, ಊರು ಬೇಡವೆಂದರೆ ನೀನೂ ಕೊಡುವುದಿಲ್ಲವೆಂದುಕೊಂಡು, ಊರನ್ನು ತಡೆದದ್ದು. ಅವನ ಹೆಸರು ವೀಗೊ ಲುಂಡ್‌ಗೋರ್. ಊರು ಸ್ವೆಂಡ್‌ಬೋರ್ಗ್. ಬದುಕಿದ್ದಾನೋ ಇಲ್ಲವೋ ನನಗೆ ತಿಳಿಯದು.