ಎಲ್ಲ ಕಟ್ಟೆಗಳೂ ಕ್ಷೇಮ

ಬಸವನಹೆಡೆ ಗುಡ್ಡದ ಕನ್ನಡಿಕಟ್ಟೆಯಿಂದ,
ಸಾಮ್ರಾಜ್ಯ ವರ್ಷ ೪೧೦೭, ಎರಡನೆಯ ಬೇಸಿಗೆಯ ಮೂವತ್ತಮೂರನೆಯ ತಾರೀಕು.

ಇನ್ನೂ ಹುಟ್ಟದ ನಮ್ಮ ಮಕ್ಕಳಿಗೆ,

ನನ್ನ ಮಾತು ನಿಮಗೆ ವಿಚಿತ್ರವಾಗಿಯೂ ಒರಟಾಗಿಯೂ ಕೇಳಿಸಬಹುದು, ಕ್ಷಮಿಸಿ. ವಿಚಿತ್ರಕ್ಕೆ ಕಾಲದ ಅಂತರ ಕಾರಣ. ಒರಟಿಗೆ ನನ್ನ ಸಿಟ್ಟು ಕಾರಣ. ನಡುಸೀಮೆ ಸಾಮ್ರಾಜ್ಯ ಇಂಥ ವರ್ಷ, ಇಂಥ ಶತ್ರುವಿನ ಕೈಯಲ್ಲಿ ಬಿತ್ತು ಎಂದು ನಿಮಗೆ ಪಾಠ ಹೇಳಿಕೊಟ್ಟಿರಬಹುದು. ಶುದ್ಧ ಸುಳ್ಳು. ಅದು ಬೀಳುತ್ತಿರುವುದನ್ನು ನಾನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ಒಬ್ಬ ಶತ್ರುವನ್ನೂ ಕಂಡಿಲ್ಲ.

ನನ್ನ ಹೆಸರು ನೀಲಗಂಗವ್ವ, ಈ ಕಟ್ಟೆಯ ಕಾವಲಿನವಳು. ಮಾತು ಹೊರುತ್ತಿದ್ದ ತಂತಿಗಳು ಸತ್ತ ಮೇಲೆ ನಮ್ಮ ಹಿರಿಯರು ಗಡಿಯಿಂದ ರಾಜಧಾನಿ ಹಿರೇಪಟ್ಟಣದವರೆಗೆ ಗುಡ್ಡಕ್ಕೊಂದರಂತೆ ಕಟ್ಟೆ ಕಟ್ಟಿ, ಆಳೆತ್ತರದ ಕನ್ನಡಿ ನಿಲ್ಲಿಸಿದರು. ಹೊತ್ತು ನೆತ್ತಿಗೆ ಬಂದಾಗ ಗಡಿಯ ಕಟ್ಟೆ ಬಿಸಿಲು ಹಿಡಿದು ಒಂದು ಮಿಂಚು ಬಿಡುತ್ತದೆ. ಇದು ಕ್ಷೇಮಮಿಂಚು. ಮುಂದಿನ ಕಟ್ಟೆ ತನ್ನದೊಂದು ಸೇರಿಸಿ ದಾಟಿಸುತ್ತದೆ. ಲೆಕ್ಕ ಸರಿಯಿದ್ದರೆ ಹಿರೇಪಟ್ಟಣದಿಂದ ಉದ್ದನೆಯ ಮಿಂಚೊಂದು ಅದೇ ದಾರಿಯಲ್ಲಿ ಹಿಂದಿರುಗಿ ಬರುತ್ತದೆ, ಆಮೇಲೆ ಎಲ್ಲರೂ ಊಟಕ್ಕೆ ಕೂರುತ್ತೇವೆ. ಒಂದೇ ಒಂದು ಕಡಿಮೆಯಾದರೂ ರಾಜಧಾನಿಯಿಂದ ನೀರು, ವೈದ್ಯರು, ಸವಾರರು ಹೊರಡಬೇಕೆಂಬುದು ಮೊದಲ ದೊರೆಯ ಕಟ್ಟಳೆ.

ಇದರ ಜೊತೆಗೆ ಪರಮಿಂಚು ಎಂಬ ಪದ್ಧತಿಯೂ ಬೆಳೆಯಿತು. ಪಕ್ಕದ ಕಟ್ಟೆಯವಳಿಗೆ ಜ್ವರ ಬಂದರೆ, ಹೆರಿಗೆಯಾದರೆ, ಅವಳ ಪರವಾಗಿ ನಾವೇ ಒಂದು ಮಿಂಚು ಬಿಡುವುದು. ಒಳ್ಳೆಯ ಮನಸ್ಸಿನಿಂದಲೇ ಶುರುವಾದದ್ದು. ಆಮೇಲೆ ಗಡಿಯ ಬಾವಿಗಳು ಉಪ್ಪಾದವು. ಮೊದಲ ಕಟ್ಟೆಯವರು ಗಂಟುಮೂಟೆ ಕಟ್ಟಿದರು, ಎರಡನೆಯವರು ಅವರ ಪರವಾಗಿ ಮಿಂಚು ಬಿಟ್ಟರು. ಎರಡನೆಯವರೂ ಹೋದಾಗ ಮೂರನೆಯವರು ಇಬ್ಬರ ಪರವಾಗಿಯೂ ಬಿಟ್ಟರು. ಯಾರಿಗೂ ಕೆಟ್ಟ ಸುದ್ದಿ ಹೇಳಿ ಬೈಸಿಕೊಳ್ಳುವುದು ಬೇಡವಾಗಿತ್ತು. ಹೀಗೆ ಸೀಮೆ ಸೀಮೆಯೇ ಬರಿದಾಯಿತು. ನಕ್ಷೆಯಲ್ಲಿ ಸಾಮ್ರಾಜ್ಯ ಈಗಲೂ ಸಮುದ್ರದವರೆಗಿದೆ. ಅಲ್ಲಿ ಬೊಗಳಲು ಒಂದು ನಾಯಿಯೂ ಇಲ್ಲ.

ಮೂಡಣಕ್ಕೆ, ಗಡಿಯ ಕಡೆ, ನನ್ನಿಂದಾಚೆ ಉಳಿದಿದ್ದದ್ದು ಕರೇಕಲ್ಲು ಕಟ್ಟೆಯೊಂದೇ. ಅಲ್ಲಿರುವವಳು ನನ್ನ ತಂಗಿ ಹಾಲವ್ವ. ಸತ್ತ ಕಟ್ಟೆಗಳ ಮಿಂಚನ್ನೆಲ್ಲ ತಾನೇ ಬಿಟ್ಟು ಬಿಟ್ಟು ಅವಳ ರಟ್ಟೆ ಬಿದ್ದುಹೋಗಿತ್ತು. ಇವತ್ತು ಮಧ್ಯಾಹ್ನ ಅವಳ ಕನ್ನಡಿ ಮಿಂಚಲಿಲ್ಲ. ತಪಾಸಣೆಗೆ ಬಂದಿದ್ದ ಮೇಲ್ವಿಚಾರಕ ಮುದಿಯಪ್ಪನವರು ನನ್ನ ಪಕ್ಕದಲ್ಲೇ ನಿಂತಿದ್ದರು. ಮರ್ಯಾದೆಗೆ ‘ಅವರು’ ಎನ್ನುತ್ತಿದ್ದೇನೆ, ಮನಸ್ಸಿನಲ್ಲಿ ಬರುವ ಮಾತು ಬೇರೆಯೇ ಇದೆ. ಕರೇಕಲ್ಲಿಗೆ ಸವಾರರು ಬೇಕು ಎಂದೆ. ಅವರು ಮೂಡಣದತ್ತ ನೋಡಲೂ ಇಲ್ಲ.

“ಎಲ್ಲಾರದೂ ನೀನ ಬಿಟ್ಟುಬಿಡವ್ವ. ತಂಗೀದೂ ಸೇರಿಸು. ನಿನ್ನ ಗಂಟೇನ್ ಹೋಗತೈತಿ?”

ತಂಗಿ ಬದುಕಿದ್ದಾಳೋ ಇಲ್ಲವೋ ನನಗೆ ಗೊತ್ತಿಲ್ಲ, ಅವಳು ಕ್ಷೇಮವೆಂದು ನಾನೇ ಸಾರಬೇಕಂತೆ! ಗೋಣಿತಟ್ಟು ತಂದು ನನ್ನ ಕನ್ನಡಿಯ ಮೇಲೆ ಹೊದಿಸಿದೆ. ಅವಳ ಮಿಂಚೂ ಇಲ್ಲ, ನನ್ನದೂ ಇಲ್ಲ. ಲೆಕ್ಕ ತಪ್ಪಲಿ, ಸವಾರರು ಬರಲಿ, ಅವರ ಜೊತೆ ನಾನೂ ಕರೇಕಲ್ಲಿಗೆ ಹೋಗುತ್ತೇನೆ ಎಂದುಕೊಂಡು ಪಡುವಣಕ್ಕೆ, ಹಿರೇಪಟ್ಟಣದತ್ತ ಮುಖ ಮಾಡಿ ಕೂತೆ. ಆ ಕಡೆಯ ಕಟ್ಟೆಯಲ್ಲಿರುವವರು ಬಸಲಿಂಗಣ್ಣ. ಕಷ್ಟಕಾಲದಲ್ಲಿ ಗುಡ್ಡ ಇಳಿದು, ಗುಡ್ಡ ಹತ್ತಿ ಮೊಸರು ತಂದುಕೊಟ್ಟ ಮನುಷ್ಯ.

ಸ್ವಲ್ಪ ಹೊತ್ತಿಗೆ ಅವರ ಕಟ್ಟೆಯಿಂದ ಉದ್ದನೆಯ ಮಿಂಚು ಬಂತು. ಹಿರೇಪಟ್ಟಣದ ಉತ್ತರ: ಲೆಕ್ಕ ಸರಿಯಿದೆ, ಎಲ್ಲ ಕಟ್ಟೆಗಳೂ ಕ್ಷೇಮ. ನನಗೆ ಜ್ವರವೆಂದುಕೊಂಡರೋ ಏನೋ, ಬಸಲಿಂಗಣ್ಣ ಎಲ್ಲರ ಪರವಾಗಿ ಮಿಂಚು ಬಿಟ್ಟಿದ್ದರು. ಮುದಿಯಪ್ಪನವರು ಕೈ ತೊಳೆದು ಬುತ್ತಿ ಬಿಚ್ಚಿದರು.

ನೀರಿನ ಚೀಲ ತುಂಬಿಕೊಂಡಿದ್ದೇನೆ. ಈ ಕಾಗದವನ್ನು ಕಟ್ಟೆಯ ಕಲ್ಲಿನಡಿ ಇಟ್ಟು, ಬಿಸಿಲು ಇಳಿಯುವುದರೊಳಗೆ ಕರೇಕಲ್ಲಿನ ದಾರಿ ಹಿಡಿಯುತ್ತೇನೆ. ನಿಮ್ಮಲ್ಲಿ ನನ್ನದೊಂದೇ ಬೇಡಿಕೆ. ಪಕ್ಕದ ಕಟ್ಟೆ ಮಿಂಚದಿದ್ದರೆ ಎದ್ದು ಹೋಗಿ ನೋಡಿ, ಅವರ ಪರವಾಗಿ ಕನ್ನಡಿ ಮುಟ್ಟಬೇಡಿ. ಹಾಲವ್ವ ಸಿಕ್ಕರೂ, ಸಿಗದಿದ್ದರೂ, ದಾರಿಯಲ್ಲಿ ನಾನೇ ಬಿದ್ದರೂ, ನಾಳೆ ಮಧ್ಯಾಹ್ನ ಹಿರೇಪಟ್ಟಣದ ಲೆಕ್ಕದಲ್ಲಿ ನಾವಿಬ್ಬರೂ ಕ್ಷೇಮವಾಗಿರುತ್ತೇವೆ.

ನೀಲಗಂಗವ್ವ